ಹಳೆ ಗರಗಸದ ಮಿಷನ್‌ಗೆ ಮತ್ತೆ ಜೀವ

ನಮ್ಮ ಕಾಸರಗೋಡಿನ ಕಡೆಯ ಹಳೆ ಮರಗೆಲಸದ ಶೆಡ್ಡುಗಳನ್ನು ನೀವು ನೋಡಿರಬಹುದು. ಮೂಲೆಯಲ್ಲೊಂದು ಗರಗಸದ ಮಿಷನ್ ಇರುತ್ತದೆ. ಎರಕದ ಕಬ್ಬಿಣದ ಮೇಜು. ನಡುವೆ ದುಂಡಗಿನ ಬ್ಲೇಡು. ಕೆಳಗೆ ಮೋಟಾರು, ಬೆಲ್ಟು. ಕಡಲ ಗಾಳಿಗೆ, ಮಳೆಗೆ ತುಕ್ಕು ಹಿಡಿದಿರುತ್ತದೆ. “ಗುಜರಿಗೆ ಹಾಕೋಣ” ಅನ್ನುತ್ತಾರೆ ಮನೆಯವರು. ಸ್ವಲ್ಪ ತಡೆಯಿರಿ. ಮೇಜು ಒಡೆದಿಲ್ಲ, ಶಾಫ್ಟು ಬಗ್ಗಿಲ್ಲ ಅಂದ್ರೆ ಮಿಷನ್ನು ಸರಿ ಮಾಡಬಹುದು. ಅದಕ್ಕೆ ಕೈಚಳಕ ಬೇಕು. ಜೊತೆಗೆ ಓದೂ ಬೇಕು. ಓದು ಈಗ ನಿಮ್ಮ ಹತ್ತಿರ ಇದೆ.

ಮೊದಲು ಕರೆಂಟು ತೆಗೆಯಿರಿ

ಸ್ವಿಚ್ ಆಫ್ ಮಾಡಿದರೆ ಸಾಲದು. ಮೇನ್ ಸ್ವಿಚ್ ಇಳಿಸಿ. ಫ್ಯೂಸ್ ಕಿತ್ತು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ನಿಮ್ಮ ಕೈ ಬ್ಲೇಡಿನ ಹತ್ತಿರ ಇರುವಾಗ ಬೇರೆ ಯಾರೂ ಸ್ವಿಚ್ ಹಾಕುವಂತಿರಬಾರದು. ಹಳೆ ವಯರು, ಅರ್ಥಿಂಗ್ ನೋಡಲು ಲೈಸೆನ್ಸ್ ಇರುವ ವಯರ್‌ಮ್ಯಾನನ್ನೇ ಕರೆಯಿರಿ.

ತುಕ್ಕು ತೆಗೆಯುವುದು

ಬ್ಲೇಡು ಬಿಚ್ಚಿ. ಬ್ಲೇಡು ಓಡುವ ದಿಕ್ಕಿಗೇ ನಟ್ಟು ತಿರುಗಿಸಿದರೆ ಅದು ಬಿಚ್ಚುತ್ತದೆ. ಮೇಜಿಗೆ ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಒಂದು ರಾತ್ರಿ ಬಿಡಿ. ಹತ್ತಿರ ಬೀಡಿ, ಬೆಂಕಿ ಬೇಡವೇ ಬೇಡ. ಬೆಳಿಗ್ಗೆ ಉಪ್ಪುಕಾಗದದಿಂದ ತಿಕ್ಕಿ ಒರೆಸಿ. ಚೆನ್ನಾಗಿ ಒಣಗಿದ ಮೇಲೆ ಮೇಣದ ಬತ್ತಿ ಉಜ್ಜಿ, ಬಟ್ಟೆಯಿಂದ ತೀಡಿ. ಮರ ಸಲೀಸಾಗಿ ಜಾರುತ್ತದೆ. ತುಕ್ಕೂ ಬೇಗ ಹಿಡಿಯುವುದಿಲ್ಲ.

ಅಂಕೆ ಓದಿ, ಸಾಮಾನು ತನ್ನಿ

ಬೆಲ್ಟು ತೆಗೆದು ಶಾಫ್ಟನ್ನು ಕೈಯಲ್ಲಿ ತಿರುಗಿಸಿ. ಕರಕರ ಅಂತದಾ? ಅಲ್ಲಾಡುತ್ತದಾ? ಹಾಗಾದರೆ ಬೇರಿಂಗ್ ಹೋಗಿದೆ. ಬೇರಿಂಗಿನ ಬದಿಯಲ್ಲಿ ಒಂದು ನಂಬರು ಕೊರೆದಿರುತ್ತಾರೆ. 6204 ಅಂತ ಇದ್ದರೆ ಒಳತೂತು 20 ಮಿಲಿಮೀಟರ್, ಹೊರಗಿನ ಅಗಲ 47 ಮಿಲಿಮೀಟರ್. ಯಾವ ಕಂಪೆನಿಯದಾದರೂ ಈ ಅಳತೆ ಒಂದೇ.

ಬೆಲ್ಟಿನ ಮೇಲೂ ಬರಹ ಇದೆ. ‘ಎ 42’ ಅಂದರೆ ಅಗಲ 13 ಮಿಲಿಮೀಟರ್, ಒಳಸುತ್ತು 42 ಇಂಚು. ‘ಬಿ’ ಅಂದರೆ ಅಗಲ 17 ಮಿಲಿಮೀಟರ್. ಅಂಗಡಿಯವರು ಕನ್ನಡ ಮಾತಾಡಲಿ, ಮಲಯಾಳ ಮಾತಾಡಲಿ, ನಂಬರು ಎಲ್ಲರಿಗೂ ಒಂದೇ. ಚೀಟಿಯಲ್ಲಿ ನೀವೇ ಬರೆದುಕೊಂಡು ಹೋಗಿ.

ವೇಗದ ಲೆಕ್ಕ

ಇದು ಪ್ರಾಣದ ಲೆಕ್ಕ. ಮೋಟಾರಿನ ತಗಡಿನ ಮೇಲೆ 1440 ಅಂತ ಇದ್ದರೆ, ಮೋಟಾರು ನಿಮಿಷಕ್ಕೆ 1440 ಸುತ್ತು ತಿರುಗುತ್ತದೆ. ಮೋಟಾರಿನ ಪುಲ್ಲಿ 6 ಇಂಚು, ಬ್ಲೇಡಿನ ಶಾಫ್ಟಿನ ಪುಲ್ಲಿ 3 ಇಂಚು ಅಂತಿಟ್ಟುಕೊಳ್ಳಿ. ಮೋಟಾರು ಒಂದು ಸುತ್ತು ಬಂದರೆ ಬ್ಲೇಡು ಎರಡು ಸುತ್ತು. ಅಂದರೆ ನಿಮಿಷಕ್ಕೆ 2880 ಸುತ್ತು.

ಈಗ ಬ್ಲೇಡಿನ ಮೇಲೆ ಬರೆದದ್ದನ್ನು ಓದಿ. ಹೆಚ್ಚೆಂದರೆ 4000 ಅಂತ ಇದ್ದರೆ ಸರಿ. ಬೇಗ ಕೆಲಸ ಆಗಲಿ ಅಂತ ಮೋಟಾರಿಗೆ 9 ಇಂಚಿನ ಪುಲ್ಲಿ ಹಾಕಿದರೆ? 4320 ಸುತ್ತು ಆಯ್ತು. ಮಿತಿ ದಾಟಿತು. ಬ್ಲೇಡು ಸಿಡಿಯಬಹುದು.

ಮರ ಯಾಕೆ ಎಗರುತ್ತದೆ?

ಸೀಳಿದ ಮರ ಹಿಂದೆ ಮತ್ತೆ ಕೂಡಿಕೊಂಡು ಬ್ಲೇಡನ್ನು ಹಿಡಿಯುತ್ತದೆ. ಹಿಂಬದಿಯ ಹಲ್ಲು ಮೇಲಕ್ಕೆ ಏಳುತ್ತಿರುತ್ತದೆ. ಅದು ಮರವನ್ನು ಎತ್ತಿ ನಿಮ್ಮ ಕಡೆಗೇ ಎಸೆಯುತ್ತದೆ. ಕೈ ಬ್ಲೇಡಿನ ಮೇಲೆ ಬೀಳುವುದು ಎಷ್ಟೋ ಸಲ ಹೀಗೇ.

ಇದನ್ನು ತಡೆಯಲು ಬ್ಲೇಡಿನ ಹಿಂದೆ ಒಂದು ದಪ್ಪ ತಗಡು ನಿಂತಿರಬೇಕು. ಅದು ಸೀಳನ್ನು ಕೂಡಲು ಬಿಡುವುದಿಲ್ಲ. ಬ್ಲೇಡಿನ ಮೇಲೆ ಮುಚ್ಚಳ ಬೇಕು. ಹಳೆ ಮಿಷನ್‌ಗಳಲ್ಲಿ ಇವೆರಡೂ ಕಳೆದುಹೋಗಿರುವುದೇ ಹೆಚ್ಚು. ಬಣ್ಣ ಆಮೇಲೆ ಬಳಿಯಿರಿ. ಮೊದಲು ಇವನ್ನು ಮಾಡಿಸಿ.

ಮರಕ್ಕೆ ಆನಿಕೆಯಾಗುವ ಪಟ್ಟಿಯೂ ಬ್ಲೇಡಿಗೆ ನೇರ ಇರಬೇಕು. ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ. ಆ ಹಲ್ಲಿನಿಂದ ಪಟ್ಟಿಗೆ ಇರುವ ದೂರ ಅಳೆಯಿರಿ. ಬ್ಲೇಡನ್ನು ಕೈಯಲ್ಲಿ ತಿರುಗಿಸಿ, ಅದೇ ಹಲ್ಲನ್ನು ಹಿಂದಕ್ಕೆ ತಂದು ಮತ್ತೆ ಅಳೆಯಿರಿ. ಎರಡೂ ಅಳತೆ ಒಂದೇ ಬರಬೇಕು.

ಮೊದಲ ಓಟ

ಮೊದಲು ಬ್ಲೇಡು ಇಲ್ಲದೆ ಓಡಿಸಿ. ಮೂರು ಫೇಸಿನ ಮೋಟಾರಿಗೆ ಎರಡು ವಯರು ಅದಲುಬದಲಾದರೂ ಸಾಕು, ಅದು ತಿರುವುಮುರುವು ಓಡುತ್ತದೆ. ಹಾಗಾದರೆ ನಟ್ಟು ಸಡಿಲವಾಗಿ ಬ್ಲೇಡು ಕಳಚಬಹುದು. ಮುಂದಿನ ಹಲ್ಲು ನಿಮ್ಮ ಕಡೆ ಬಂದು ಕೆಳಗಿಳಿಯುವ ಹಾಗೆ ಶಾಫ್ಟು ತಿರುಗಬೇಕು.

ನೆನಪಿಡಿ

• ಬ್ಲೇಡಿನ ನೇರಕ್ಕೆ ನಿಲ್ಲಬೇಡಿ. ಸ್ವಲ್ಪ ಪಕ್ಕಕ್ಕೆ ನಿಲ್ಲಿ.
• ಕೊನೆಯ ತುಂಡನ್ನು ಕೈಯಲ್ಲಿ ತಳ್ಳಬೇಡಿ. ಕೋಲಿನಿಂದ ತಳ್ಳಿ.
• ಕೈಗವಸು, ಶಾಲು, ಜೋಲು ತೋಳು ಬೇಡ. ಲುಂಗಿಯ ಬದಲು ಪ್ಯಾಂಟು ಹಾಕಿ.
• ಹಳೆ ಮರದಲ್ಲಿ ಮೊಳೆ ಇದೆಯಾ ನೋಡಿ.
• ಮೂಗಿಗೆ ಮಾಸ್ಕ್ ಕಟ್ಟಿ. ಮರದ ಹುಡಿಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಹೇಳಿದೆ.
• ದಿನಾ ಸಂಜೆ ಮೋಟಾರಿನ ಸುತ್ತಲಿನ ಹುಡಿ ಗುಡಿಸಿ. ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ.
• ಮರ ಸುಟ್ಟ ವಾಸನೆ ಬಂದರೆ, ತಳ್ಳಲು ಕಷ್ಟವಾದರೆ ಬ್ಲೇಡು ಹರಿತ ಮಾಡಿಸಿ.

ಮಿಷನ್ ಹಳೆಯದಾದರೆ ಬೇರಿಂಗ್ ಬದಲಿಸಬಹುದು, ಬೆಲ್ಟು ಬದಲಿಸಬಹುದು. ಬೆರಳಿಗೆ ಬದಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಉತ್ತರ ಬರೆಯಿರಿ

1. ಫ್ಯೂಸನ್ನು ಜೇಬಿನಲ್ಲಿ ಯಾಕೆ ಇಟ್ಟುಕೊಳ್ಳಬೇಕು?
2. ಮೋಟಾರು 1440 ಸುತ್ತು. ಎರಡು ಪುಲ್ಲಿಗಳೂ 4 ಇಂಚು. ಬ್ಲೇಡು ಎಷ್ಟು ಸುತ್ತು ತಿರುಗುತ್ತದೆ?