ಬರೆದ ಸಾಲಿಗೆ ಒಡೆಯ ಯಾರು?

ಹೊಲದ ಒಡೆತನದ ಬಗ್ಗೆ ತಕರಾರು ಎದ್ದರೆ ಪಹಣಿ ತೆಗೆದು ನೋಡುತ್ತಾರೆ. ಮನೆಯ ತಕರಾರಾದರೆ ಕ್ರಯಪತ್ರ ಹುಡುಕುತ್ತಾರೆ. ಆದರೆ ಕಂಪ್ಯೂಟರಿಗೆಂದು ಬರೆದ ಆದೇಶಗಳ ಸಾಲುಗಳ ಬಗ್ಗೆಯೇ ಜಗಳ ಬಂದರೆ? ಆ ಸಾಲುಗಳನ್ನು ಕ್ಷಣಮಾತ್ರದಲ್ಲಿ ಸಾವಿರ ಪ್ರತಿ ಮಾಡಬಹುದು, ಮೂಲ ಸವೆಯುವುದಿಲ್ಲ. ಬರೆದವರೂ ಒಬ್ಬಿಬ್ಬರಲ್ಲ, ಹಲವು ದೇಶಗಳ ನೂರಾರು ಜನ. ಇಂಥ ಬರಹದ ಒಡೆಯನನ್ನು ಗುರುತಿಸುವುದು ಹೇಗೆಂಬ ಪ್ರಶ್ನೆ ಅಮೆರಿಕದ ನ್ಯಾಯಾಲಯಗಳಲ್ಲಿ ಎರಡು ಬಾರಿ ದೊಡ್ಡದಾಗಿಯೇ ಎದ್ದಿತು. ಇಂದು ಆಂಡ್ರಾಯ್ಡ್ ಫೋನುಗಳ ಒಳಗಿರುವ ಲಿನಕ್ಸ್, ಆ ಎರಡನೆಯ ಮೊಕದ್ದಮೆಯ ಕೇಂದ್ರವಾಗಿತ್ತು.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಹೋಟೆಲಿನಲ್ಲಿ ದೋಸೆ ತಿನ್ನುವುದು ಬೇರೆ, ಆ ದೋಸೆಯ ಹಿಟ್ಟಿಗೆ ಯಾವುದನ್ನು ಎಷ್ಟು ಹಾಕಿದ್ದಾರೆಂದು ತಿಳಿಯುವುದು ಬೇರೆ. ಕಂಪ್ಯೂಟರಿನಲ್ಲಿ ಓಡುವ ತಂತ್ರಾಂಶ ದೋಸೆಯಿದ್ದಂತೆ. ಮನುಷ್ಯರು ಓದಬಲ್ಲ ಭಾಷೆಯಲ್ಲಿ ಅದನ್ನು ಬರೆದಿಟ್ಟ ಪಾಠವೇ ಮೂಲ ಸಂಕೇತ, ಅಂದರೆ ಸೋರ್ಸ್ ಕೋಡ್. ಅದನ್ನು ಎಲ್ಲರಿಗೂ ತೋರಿಸಿ, ತಿದ್ದಲು ಮತ್ತು ಹಂಚಲು ಅನುಮತಿ ಕೊಟ್ಟರೆ ಅದು ಮುಕ್ತ ತಂತ್ರಾಂಶ. ಅನುಮತಿ ಕೊಡಬೇಕಾದರೆ ಒಡೆತನ ಇರಬೇಕಲ್ಲವೇ? ಜಗಳ ಹುಟ್ಟುವುದೇ ಇಲ್ಲಿ.

ಉಳಿದದ್ದು ಆರು ಕಡತ

ಎ.ಟಿ. ಅಂಡ್ ಟಿ. ಎಂಬ ದೂರವಾಣಿ ಕಂಪೆನಿಗೆ ಸೇರಿದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂಗೆ ನಾಂದಿ ಹಾಡಿದರು. ದೂರಸಂಪರ್ಕ ಬಿಟ್ಟು ಬೇರೆ ವ್ಯಾಪಾರಕ್ಕೆ ಕೈ ಹಾಕಬಾರದೆಂದು 1956ರ ಒಂದು ನ್ಯಾಯಾಲಯದ ಆದೇಶ ಆ ಕಂಪೆನಿಯನ್ನು ಕಟ್ಟಿಹಾಕಿತ್ತು. ಹೀಗಾಗಿ ಯುನಿಕ್ಸ್ ಮೂಲ ಸಂಕೇತ ಸಮೇತ ಅಲ್ಪ ಶುಲ್ಕಕ್ಕೆ ವಿಶ್ವವಿದ್ಯಾಲಯಗಳ ಪಾಲಾಯಿತು. ಕ್ಯಾಲಿಫೋರ್ನಿಯಾದ ಬರ್ಕ್ಲಿಯ ವಿದ್ಯಾರ್ಥಿಗಳು, ಅಧ್ಯಾಪಕರು ಅದಕ್ಕೆ ತಮ್ಮದೇ ಸಾಲುಗಳನ್ನು ಸೇರಿಸುತ್ತ ಹೋದರು. 1984ರಲ್ಲಿ ಕಂಪೆನಿ ಒಡೆದು ಹೋಳಾಗಿ ಹಳೆಯ ಕಟ್ಟು ಸಡಿಲವಾದಾಗ, ಯುನಿಕ್ಸ್ ದುಬಾರಿ ಸರಕಾಯಿತು.

ಆಗ ಬರ್ಕ್ಲಿಯ ಕೀತ್ ಬಾಸ್ಟಿಕ್ ಒಂದು ಉಪಾಯ ಹೂಡಿದರು. ಯುನಿಕ್ಸಿನ ಪ್ರತಿಯೊಂದು ಉಪಕರಣದ ಪ್ರಕಟಿತ ವಿವರಣೆಯನ್ನಷ್ಟೇ ಓದಿ, ಮೂಲವನ್ನು ನೋಡದೆ ಹೊಸದಾಗಿ ಬರೆದುಕೊಡಿ ಎಂದು ಸ್ವಯಂಸೇವಕರನ್ನು ಕೇಳಿಕೊಂಡರು. ಸಂಭಾವನೆ? ಪಟ್ಟಿಯಲ್ಲಿ ಬರೆದವರ ಹೆಸರು, ಅಷ್ಟೇ. ಕೆಲಸ ಕೈಗೂಡಿತು. ಕೊನೆಗೆ ತಿರುಳಿನ ಭಾಗದಲ್ಲಿ ಹಳೆಯ ಸಂಕೇತವಿದ್ದ ಆರು ಕಡತಗಳು ಮಾತ್ರ ಉಳಿದವು. ಅವನ್ನು ಬಿಟ್ಟು ಉಳಿದದ್ದನ್ನು ವಿಶ್ವವಿದ್ಯಾಲಯ 1991ರಲ್ಲಿ ಬಿಡುಗಡೆ ಮಾಡಿತು. ಆ ಆರನ್ನೂ ಬೇರೆಯವರು ಹೊಸದಾಗಿ ಬರೆದರು. ಅದನ್ನೆಲ್ಲ ಸೇರಿಸಿ ಒಂದು ಸಣ್ಣ ಕಂಪೆನಿ ಅಗ್ಗದ ಬೆಲೆಗೆ ಮಾರಲು ಹೊರಟಿತು.

1992ರಲ್ಲಿ ಎ.ಟಿ. ಅಂಡ್ ಟಿ.ಯ ಅಂಗಸಂಸ್ಥೆ ಮೊಕದ್ದಮೆ ಹೂಡಿತು. ಸಂಕೇತವೂ ವ್ಯಾಪಾರರಹಸ್ಯವೂ ಕದ್ದುಹೋಗಿವೆ ಎಂಬುದು ಅದರ ಆರೋಪ. 1993ರ ಮಾರ್ಚಿನಲ್ಲಿ ನ್ಯಾಯಾಧೀಶ ಡಿಕಿನ್ಸನ್ ಡೆಬೆವಾಯ್ಸ್ ಮಾರಾಟಕ್ಕೆ ತಾತ್ಕಾಲಿಕ ತಡೆ ಕೊಡಲು ಒಪ್ಪಲಿಲ್ಲ. ಅವರು ಎತ್ತಿ ಹೇಳಿದ ಕಾರಣ ಕುತೂಹಲಕರವಾದದ್ದು: ಕಂಪೆನಿಯೇ ಹಿಂದೆ ಆ ಹಳೆಯ ಆವೃತ್ತಿಯನ್ನು ಕೃತಿಸ್ವಾಮ್ಯದ ಸೂಚನೆಯಿಲ್ಲದೆ ಹಂಚಿತ್ತು. ಅಂದಿನ ಅಮೆರಿಕದ ಕಾನೂನಿನಂತೆ, ಸೂಚನೆಯಿಲ್ಲದೆ ಪ್ರಕಟಿಸಿದರೆ ಹಕ್ಕೇ ಕೈತಪ್ಪುವ ಸಂಭವವಿತ್ತು. ಇತ್ತ ವಿಶ್ವವಿದ್ಯಾಲಯವೂ ಎದುರು ದಾವೆ ಹಾಕಿತು. ತನ್ನ ಸಾಲುಗಳನ್ನು ಬಳಸಿಕೊಂಡ ಕಂಪೆನಿ, ಒಪ್ಪಂದದ ಪ್ರಕಾರ ತನ್ನ ಹೆಸರು ಹೇಳಲಿಲ್ಲವೆಂಬುದು ಅದರ ದೂರು!

1994ರ ಆರಂಭದಲ್ಲಿ ರಾಜಿಯಾಯಿತು. 18,000 ಕಡತಗಳಲ್ಲಿ ತೆಗೆದುಹಾಕಬೇಕಾಗಿ ಬಂದದ್ದು ಮೂರನ್ನು ಮಾತ್ರ. ಇನ್ನು ಕೆಲವಕ್ಕೆ ಚಿಕ್ಕಪುಟ್ಟ ತಿದ್ದುಪಡಿ, ಸುಮಾರು 70 ಕಡತಗಳಿಗೆ ಕಂಪೆನಿಯ ಕೃತಿಸ್ವಾಮ್ಯದ ಸೂಚನೆ. ಅವು ಕೂಡ ಮುಕ್ತವಾಗಿಯೇ ಉಳಿದವು. ಆದರೆ ಅಷ್ಟರಲ್ಲಿ ಕಾಲ ಕಳೆದಿತ್ತು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ್ದ ಲಿನಕ್ಸ್, ಮೊಕದ್ದಮೆಯ ನೆರಳಿಲ್ಲದೆ ಬೆಳೆದು ಮುಂದೆ ಸಾಗಿತ್ತು.

ಮತ್ತೊಂದು ಸುತ್ತು

ಲಿನಕ್ಸ್‌ಗೂ ಅದೇ ಗತಿ ಕಾದಿತ್ತು. ಯುನಿಕ್ಸಿನ ವ್ಯಾಪಾರ ಕೈಯಿಂದ ಕೈಗೆ ದಾಟಿ ಎಸ್.ಸಿ.ಒ. ಗ್ರೂಪ್ ಎಂಬ ಕಂಪೆನಿಯನ್ನು ಸೇರಿತು. ವಿಚಿತ್ರವೆಂದರೆ, ಕಾಲ್ಡೆರಾ ಎಂಬ ಹಳೆಯ ಹೆಸರಿನಲ್ಲಿ ಇದೇ ಕಂಪೆನಿ ಲಿನಕ್ಸನ್ನು ಮಾರುತ್ತಿತ್ತು. 2003ರ ಮಾರ್ಚಿನಲ್ಲಿ ಅದು ಐ.ಬಿ.ಎಂ. ಮೇಲೆ 100 ಕೋಟಿ ಡಾಲರಿನ ದಾವೆ ಹೂಡಿತು. ಬೇಡಿಕೆ ಮುಂದೆ 500 ಕೋಟಿಗೆ ಏರಿತು. ಯುನಿಕ್ಸಿನ ಸಂಕೇತವನ್ನು ಐ.ಬಿ.ಎಂ. ಲಿನಕ್ಸಿಗೆ ಸೇರಿಸಿದೆ ಎಂಬುದು ದೂರು. ಲಿನಕ್ಸ್ ಬಳಸುವ ಇತರ ಸಂಸ್ಥೆಗಳೂ ತನ್ನಿಂದ 699 ಡಾಲರಿನ ಪರವಾನಗಿ ಕೊಳ್ಳಬೇಕೆಂದು ಅದು ಕೇಳಿತು.

ಯಾವ ಸಾಲು, ಎಲ್ಲಿದೆ, ತೋರಿಸಿ ಎಂದರು ಲಿನಕ್ಸ್‌ನವರು. ಅದೇ ವರ್ಷ ಆಗಸ್ಟಿನಲ್ಲಿ ಒಂದು ಸಭೆಯಲ್ಲಿ ಕಂಪೆನಿ ಕೆಲವು ತುಣುಕುಗಳನ್ನು ಪರದೆಯ ಮೇಲೆ ತೋರಿಸಿತು. ಗುರುತು ಸಿಗದಿರಲೆಂದು ಕೆಲವು ಸಾಲುಗಳನ್ನು ಗ್ರೀಕ್ ಅಕ್ಷರಗಳಲ್ಲಿ ಮರೆಮಾಡಿತ್ತು. ಆದರೂ ಕೆಲವೇ ದಿನಗಳಲ್ಲಿ ಪ್ರೋಗ್ರಾಮರುಗಳು ಮೂಲ ಪತ್ತೆಹಚ್ಚಿದರು. ಒಂದು ತುಣುಕಿನ ಬೇರು ಬರ್ಕ್ಲಿಯ ತಂತ್ರಾಂಶದಲ್ಲಿತ್ತು. ಇನ್ನೊಂದರ ಬೇರು 1970ರ ದಶಕದ ಯುನಿಕ್ಸಿನಲ್ಲಿ. ಆ ಹಳೆಯ ಆವೃತ್ತಿಗಳನ್ನು 2002ರಲ್ಲಿ ಉದಾರ ಪರವಾನಗಿಯಡಿ ಬಿಡುಗಡೆ ಮಾಡಿದ್ದದ್ದು ಇದೇ ಕಂಪೆನಿ!

ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬಂತು. ಯುನಿಕ್ಸಿನ ಹಿಂದಿನ ಒಡೆಯ ನೊವೆಲ್ ಕಂಪೆನಿ, ತಾನು ವ್ಯಾಪಾರವನ್ನು ಮಾರಿದ್ದೇನೆಯೇ ಹೊರತು ಕೃತಿಸ್ವಾಮ್ಯವನ್ನಲ್ಲ ಎಂದಿತು. 2007ರಲ್ಲಿ ನ್ಯಾಯಾಧೀಶ ಡೇಲ್ ಕಿಂಬಲ್ ನೊವೆಲ್ ಪರ ತೀರ್ಪಿತ್ತರು, ಮರುತಿಂಗಳೇ ಎಸ್.ಸಿ.ಒ. ದಿವಾಳಿ ಅರ್ಜಿ ಹಾಕಿತು. ಮೇಲ್ಮನವಿಯಲ್ಲಿ ಪ್ರಶ್ನೆ ಮತ್ತೆ ತೆರೆದು, 2010ರಲ್ಲಿ ಜ್ಯೂರಿಯೂ ಹಕ್ಕು ನೊವೆಲ್‌ನದೇ ಎಂದಿತು. ಐ.ಬಿ.ಎಂ. ವಿರುದ್ಧದ ವ್ಯಾಜ್ಯ 2021ರಲ್ಲಿ 1 ಕೋಟಿ 42 ಲಕ್ಷ 50 ಸಾವಿರ ಡಾಲರಿಗೆ ರಾಜಿಯಾಯಿತು. ಕೇಳಿದ್ದೆಷ್ಟು, ದೊರೆತದ್ದೆಷ್ಟು!

ಸಣ್ಣದೊಂದು ರುಜು

ಎರಡೂ ಪ್ರಕರಣಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಸಾಲುಗಳ ಹೋಲಿಕೆಯಷ್ಟೇ ದಾಖಲೆಯೂ ಮುಖ್ಯವಾಯಿತು. ಯಾರು ಬರೆದರು, ಯಾರಿಗೆ ಕೊಟ್ಟರು, ಯಾವ ಷರತ್ತಿನ ಮೇಲೆ ಕೊಟ್ಟರು ಎಂಬುದನ್ನು ಬರೆದಿಡದವರು ಕಷ್ಟಕ್ಕೆ ಸಿಕ್ಕಿದರು.

ಲಿನಕ್ಸ್ ತಂಡ ಈ ಪಾಠ ಕಲಿತದ್ದು 2004ರಲ್ಲಿ. ಅಂದಿನಿಂದ ಲಿನಕ್ಸಿನ ತಿರುಳಿಗೆ ಯಾರೇ ಒಂದು ತಿದ್ದುಪಡಿ ಕಳಿಸಲಿ, ಕೊನೆಗೆ ತಮ್ಮ ಹೆಸರು ಬರೆದು ರುಜು ಹಾಕಲೇಬೇಕು. ಇದನ್ನು ನಾನೇ ಬರೆದೆ, ಇಲ್ಲವೇ ಕೊಡಲು ಅನುಮತಿಯುಳ್ಳ ಮೂಲದಿಂದ ಪಡೆದೆ ಎಂಬ ಘೋಷಣೆ ಅದು. ಒಂದೇ ಸಾಲಿನ ಕೆಲಸ, ಖರ್ಚಿಲ್ಲ. ಆದರೆ ಪ್ರತಿ ಸಾಲಿನ ಹಿಂದೆ ಒಂದು ಹೆಸರು ನಿಲ್ಲುತ್ತದೆ.

ವಿದ್ಯಾರ್ಥಿಗಳು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಾನೂನು ಕಾಯುವುದು ವಿಚಾರವನ್ನಲ್ಲ, ಅದನ್ನು ಹೇಳಿದ ರೀತಿಯನ್ನು. ಪೈಥಾಗೊರಸ್ ಪ್ರಮೇಯವನ್ನು ಇಡೀ ತರಗತಿ ಸಾಧಿಸಬಹುದು, ಅದು ನಕಲಲ್ಲ. ಇಬ್ಬರ ಉತ್ತರ ಪತ್ರಿಕೆಯಲ್ಲಿ ಒಂದೇ ಕಾಗುಣಿತ ತಪ್ಪು ಒಂದೇ ಜಾಗದಲ್ಲಿದ್ದರೆ ಮಾತ್ರ ಮೇಷ್ಟರಿಗೆ ಅನುಮಾನ ಬರುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯೂ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಗಳ ಸಾಲಿಗೇ ಸೇರಿಸಿದೆ.

ಮಕ್ಕಳು ಶಾಲೆಯ ಪ್ರಾಜೆಕ್ಟಿಗೆ ಚಿತ್ರ, ಬರಹ, ಪ್ರೋಗ್ರಾಮುಗಳನ್ನು ಬೇರೆಡೆಯಿಂದ ತರುವುದು ಈಗ ಸಾಮಾನ್ಯ. ತಂದದ್ದು ಯಾರದು, ಯಾವ ಷರತ್ತಿನದು ಎಂದು ಅಂದೇ ಕೆಳಗೆ ಬರೆದಿಡುವ ಅಭ್ಯಾಸವನ್ನು ಮನೆಯಲ್ಲೇ ಮಾಡಿಸಬಹುದು. ಮುಕ್ತವಾದದ್ದು ಎಂದರೆ ಒಡೆಯನಿಲ್ಲದ್ದು ಎಂದಲ್ಲ. ಒಡೆಯರು ತಿಳಿದೂ ತಿಳಿದೂ ಎಲ್ಲರಿಗೂ ಕೊಟ್ಟದ್ದು.