ಗೇಣುದ್ದದ ಗಾಡಿಗೆ ರಂಟೆಯ ಹೊರೆ
(ಬಾನುಲಿ ಭಾಷಣ)

ಬೆಳಗಾವಿಯಿಂದ ಖಾನಾಪುರಕ್ಕೆ ರೈಲಿನಲ್ಲಿ ಹೋಗುವವರು ದೇಸೂರಿನಲ್ಲೋ ಇದಲಹೊಂಡದಲ್ಲೋ ಪಕ್ಕದ ಹಳಿಯ ಮೇಲೆ ದಾರಿ ಕಾಯುತ್ತ ನಿಂತ ಗೂಡ್ಸ್ ಗಾಡಿಯನ್ನು ಒಮ್ಮೆಯಾದರೂ ಕಂಡಿರುತ್ತಾರೆ. ಊರಿಗೆ ಯಾರು ಬಂದರು, ಯಾರು ಹೋದರು ಎಂಬುದನ್ನು ಪ್ರಯಾಣಿಕರ ಗಾಡಿ ಹೇಳುತ್ತದೆ. ಆ ಊರು ಏನನ್ನು ಮಾಡಿ ಬದುಕುತ್ತದೆ ಎಂಬುದನ್ನು ಹೇಳುವುದು ಗೂಡ್ಸ್ ಗಾಡಿ. ರೈಲಿನ ಕಿರುಮಾದರಿಗಳನ್ನು ರಚಿಸುವ ಹವ್ಯಾಸಿಗಳು ಎಂಜಿನ್ನಿನಷ್ಟೇ ಶ್ರದ್ಧೆಯನ್ನು ಸರಕಿನ ಮೇಲೂ ಇಡುವುದು ಇದಕ್ಕಾಗಿಯೇ.

ಸರಕಿನ ವ್ಯಾಗನ್‌ಗಳಲ್ಲಿ ಹಲವು ಬಗೆ. ಮಾಡು, ಬಾಗಿಲುಗಳುಳ್ಳದ್ದು ತನ್ನ ಹೊಟ್ಟೆಯೊಳಗಿನ ಗುಟ್ಟನ್ನು ಬಿಡುವುದಿಲ್ಲ. ಫ್ಲಾಟ್ ವ್ಯಾಗನ್‌ಗೆ ಮಾಡೂ ಇಲ್ಲ, ಗೋಡೆಯೂ ಇಲ್ಲ. ಚಕ್ರಗಳ ಮೇಲೊಂದು ಜಗಲಿ, ಅಷ್ಟೆ. ಅದರ ಮೇಲೆ ಏರಿದ್ದೇ ಅದರ ರೂಪ. ಟ್ರ್ಯಾಕ್ಟರ್, ಕಬ್ಬಿನ ಗಾಣ, ಒಕ್ಕಣೆಯ ಯಂತ್ರ ಮೊದಲಾದ ಬೇಸಾಯದ ಸಲಕರಣೆಗಳನ್ನು ತೋರಿಸಲು ಇದಕ್ಕಿಂತ ಯೋಗ್ಯವಾದ ವೇದಿಕೆ ಬೇರೊಂದಿಲ್ಲ.

ಮೊದಲು ಅಳತೆಯ ಮಾತು. ಲೋಕದಲ್ಲಿ ಬಹುವಾಗಿ ಬಳಕೆಯಲ್ಲಿರುವ ಪ್ರಮಾಣ ಒಂದಕ್ಕೆ 87. ಹದಿಮೂರು ಮೀಟರಿನ ವ್ಯಾಗನ್ ಈ ಲೆಕ್ಕದಲ್ಲಿ 15 ಸೆಂಟಿಮೀಟರ್, ಎಂದರೆ ಗೇಣಿಗೂ ಕಡಿಮೆ. ಮೂರೂವರೆ ಮೀಟರಿನ ಟ್ರ್ಯಾಕ್ಟರ್ 40 ಮಿಲಿಮೀಟರ್. ಬೆಳಗಾವಿಯಿಂದ ಖಾನಾಪುರದವರೆಗಿನ ಸುಮಾರು 25 ಕಿಲೋಮೀಟರನ್ನು ಇದೇ ಪ್ರಮಾಣದಲ್ಲಿ ಹಾಸಲು ಹೊರಟರೆ 287 ಮೀಟರ್ ಹಳಿ ಬೇಕು. ಯಾವ ಮನೆಯಲ್ಲಿ ಅಷ್ಟು ಜಾಗವುಂಟು? ಆದ್ದರಿಂದ ನಾಲ್ಕಾರು ಮೀಟರ್ ಹಳಿಯೇ ಇಡೀ ಸೀಮೆಯನ್ನು ಸೂಚಿಸಬೇಕಾಗುತ್ತದೆ. ಕೆಂಪು ಮಣ್ಣು, ಜಂಬಿಟ್ಟಿಗೆಯ ಗೋಡೆ, ಹಂಚಿನ ಮಾಡು ಇವು ಅರ್ಧ ಕೆಲಸ ಮಾಡುತ್ತವೆ, ಉಳಿದರ್ಧ ಸರಕಿನದು.

ಆ ಸರಕು ಕಾಲಕ್ಕೆ ಒಪ್ಪುವಂತಿರಬೇಕು. ಈ ದಾರಿ 1990ರ ದಶಕದವರೆಗೆ ಮೀಟರ್ ಗೇಜ್ ಆಗಿತ್ತು. ಹಳಿಗಳ ನಡುವೆ 1,000 ಮಿಲಿಮೀಟರ್. ಇಂದಿನ ಬ್ರಾಡ್ ಗೇಜಿನಲ್ಲಿ ಅದು 1,676. ಭಾರತದಲ್ಲಿ ಜೋಡಿಸಿದ ಮೊದಲ ಟ್ರ್ಯಾಕ್ಟರ್ ಐಷರ್ ಕಂಪನಿಯಿಂದ ಹೊರಬಿದ್ದದ್ದು 1959ರಲ್ಲಿ. ಅದಕ್ಕೂ ಹಿಂದಿನ ಕಾಲದ ಗಾಡಿಯ ಮೇಲೆ ದೇಶೀ ಟ್ರ್ಯಾಕ್ಟರನ್ನು ಕೂಡಿಸಿದರೆ, ಪೌರಾಣಿಕ ನಾಟಕದ ಅರ್ಜುನ ಕೈಗಡಿಯಾರ ಕಟ್ಟಿಕೊಂಡು ರಂಗಕ್ಕೆ ಬಂದಂತಾದೀತು.

ಹಾಗಾದರೆ ಹಳೆಯ ಬೆಳಗಾವಿಗೆ ಒಪ್ಪುವ ಹೊರೆ ಯಾವುದು? ಉತ್ತರ ಈ ನೆಲದಲ್ಲಿಯೇ ಇದೆ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಅಲ್ಲಿಂದ ಮೇವು ಕತ್ತರಿಸುವ ಯಂತ್ರ, ಅನಂತರ ಕಬ್ಬಿಣದ ರಂಟೆ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಅಂಜಿದರೆಂದೂ, ಮೊದಲ ರಂಟೆಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದೂ ಹೇಳುತ್ತಾರೆ. ನಗರವನ್ನು ವಿಸ್ತರಿಸಲು ಕಾರ್ಖಾನೆಯ ಜಾಗ ಬೇಕಾದಾಗ ಅವರು ಬೆಳಗಾವಿಯನ್ನು ಬಿಡಬೇಕಾಯಿತು. ಔಂಧ್ ಸಂಸ್ಥಾನದ ಅಧಿಪತಿ ನೆಲ ಕೊಟ್ಟರು. 1910ರಲ್ಲಿ ಕುಂಡಲ್ ರೋಡ್ ನಿಲ್ದಾಣದ ಬಳಿಯ ಬರಡು ಬಯಲಿನಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಆ ನಿಲ್ದಾಣವೂ ಬೆಳಗಾವಿಯಿಂದ ಮೀರಜಿನ ಮೇಲೆ ಪುಣೆಗೆ ಹೋಗುವ ಇದೇ ದಾರಿಯ ಮೇಲಿದೆ.

ಮಾದರಿಕಾರನಿಗೆ ಇದು ಬರಿಯ ಚರಿತ್ರೆಯಲ್ಲ, ಕಟ್ಟಳೆ. 1910ಕ್ಕೆ ಹಿಂದಿನ ಬೆಳಗಾವಿ ನಿಲ್ದಾಣವನ್ನು ರಚಿಸುವವನು ರಂಟೆಗಳನ್ನು ಊರಿನಿಂದ ಹೊರಡುವ ಸರಕಾಗಿ ತೋರಿಸಬೇಕು; ಅನಂತರದ ನಿಲ್ದಾಣವಾದರೆ, ಊರಿಗೆ ಬಂದಿಳಿಯುವ ಸರಕಾಗಿ. ವ್ಯಾಗನ್ ಅದೇ, ರಂಟೆಯೂ ಅದೇ. ಗಾಡಿಯ ಮುಖ ಮಾತ್ರ ತಿರುಗಿತು. ಒಂದು ಊರು ತಾನು ಮಾಡುತ್ತಿದ್ದುದನ್ನು ಕೊಳ್ಳುವ ಊರಾದ ಕಥೆಯೆಲ್ಲ ಆ ತಿರುವಿನಲ್ಲಿದೆ.

ಇನ್ನು ಕೈಕೆಲಸ. ರಂಟೆ ಸಣ್ಣ ವಸ್ತು. ಮುಚ್ಚಿದ ವ್ಯಾಗನ್‌ನಲ್ಲಿಯೂ ಹೋದೀತು. ಅದನ್ನು ಫ್ಲಾಟ್ ವ್ಯಾಗನ್ ಮೇಲೆ ಇಡುವವನು ಕಣ್ಣಿಗಾಗಿ ಇಡುತ್ತಿದ್ದಾನೆಂಬ ಎಚ್ಚರವಿರಲಿ. ತೆಳು ತಾಮ್ರದ ತಂತಿಯನ್ನು ಬಾಗಿಸಿದರೆ ಈಸು ಮತ್ತು ಹಿಡಿ. ತಗಡಿನ ಚೂರನ್ನು ತಿರುಚಿದರೆ ಮಣ್ಣು ಮಗುಚುವ ಹಲಗೆ. ಇಂಥ ಹತ್ತನ್ನು ಒಂದೇ ದಿಕ್ಕಿಗೆ ಮಲಗಿಸಿ ಕಟ್ಟು ಕಟ್ಟಬೇಕು. ಟ್ರ್ಯಾಕ್ಟರ್ ಆದರೆ ಗಾಲಿಗಳ ಹಿಂದೆ ಮುಂದೆ ಕಡ್ಡಿಪೆಟ್ಟಿಗೆಯ ಕಡ್ಡಿಯ ಚೂರುಗಳನ್ನು ಬೆಣೆಯಾಗಿ ಅಂಟಿಸಿ, ನಾಲ್ಕು ಮೂಲೆಗೂ ಸರಪಳಿ ಎಳೆಯಬೇಕು. ಗಾಡಿ ಬ್ರೇಕು ಹಾಕಿದಾಗ ಹೊರೆ ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಹೊರಕ್ಕೆ ವಾಲುತ್ತದೆ. ಆದ್ದರಿಂದ ಸರಪಳಿ ಓರೆಯಾಗಿಯೇ ಇರಬೇಕು. ಕಟ್ಟಿಲ್ಲದ ಹೊರೆ ಎಷ್ಟು ಚೆಂದವಿದ್ದರೂ ಸುಳ್ಳು. ಅಗಲಕ್ಕೂ ಮಿತಿಯುಂಟು: ಬ್ರಾಡ್ ಗೇಜಿನಲ್ಲಿ 3,250 ಮಿಲಿಮೀಟರ್, ಮಾದರಿಯಲ್ಲಿ 37.

ಬಣ್ಣದಲ್ಲಿ ಹೊಸಬರು ಎಡವುವುದುಂಟು. ಎಲ್ಲಕ್ಕೂ ಒಂದೇ ಸಮನೆ ಧೂಳು ಬಳಿಯುತ್ತಾರೆ. ಕಾರ್ಖಾನೆಯಿಂದ ಬರುವ ಯಂತ್ರ ಹೊಲವನ್ನು ಇನ್ನೂ ಕಂಡಿಲ್ಲ. ಅದು ಮದುಮಗಳಂತೆ ಹೊಳೆಯುತ್ತಿರಬೇಕು. ತುಕ್ಕು, ಕಿಲುಬು, ಎಣ್ಣೆಯ ಕಲೆಗಳೇನಿದ್ದರೂ ವ್ಯಾಗನ್‌ಗೆ. ಜೊತೆಗೆ, ಹೊರೆಯನ್ನು ಜಗಲಿಗೆ ಅಂಟಿಸಿಬಿಡಬಾರದು. ತೆಳುವಾದ ಹಲಗೆಯ ಮೇಲೆ ಕಟ್ಟಿ, ಹಾಗೆಯೇ ಎತ್ತಿಡುವಂತಿರಬೇಕು. ಹೊತ್ತು ಬಂದ ವ್ಯಾಗನ್ ಬರಿದಾಗಿ ಮರಳಬೇಕಲ್ಲವೆ? ಬರಿದಾದಾಗ ಹಗುರಾಗಿ ಹಳಿ ತಪ್ಪದಂತೆ ಅದರ ಅಡಿಯಲ್ಲಿ ಸೀಸದ ತುಣುಕೊಂದನ್ನು ಅಡಗಿಸುವುದು ವಾಡಿಕೆ.

ಇದೆಲ್ಲ ಮಕ್ಕಳಾಟವೆನ್ನುವವರಿಗೆ ನನ್ನ ಮಾತಿಷ್ಟೆ. ಬೆಳಗಾವಿಯಲ್ಲಿ ಕಿರ್ಲೋಸ್ಕರ್ ರಸ್ತೆಯೆಂಬ ಹೆಸರು ಉಳಿದಿದೆ. ಆ ಹೆಸರಿನ ಹಿಂದೆ ರಂಟೆಯೊಂದು ಇತ್ತೆಂಬುದನ್ನು ಅಲ್ಲಿ ನಡೆದಾಡುವ ಎಷ್ಟು ಮಂದಿ ನೆನೆಯುತ್ತಾರೆ? ಮೇಜಿನ ಮೇಲಿನ ಗಾಡಿಯನ್ನು ನೋಡಿದ ಹುಡುಗನೊಬ್ಬ, “ಈ ರಂಟಿ ಎಲ್ಲಿಂದ ಬಂತು?” ಎಂದು ಕೇಳಿದರೆ ಸಾಕು. ಆ ಗೇಣುದ್ದದ ವ್ಯಾಗನ್ ತನ್ನ ಹೊರೆಯನ್ನು ಮುಟ್ಟಬೇಕಾದಲ್ಲಿಗೆ ಮುಟ್ಟಿಸಿದಂತೆಯೇ.