ನಾಲಿಗೆಗೆ ಮತ್ತೆ ಮಾತು ಕಲಿಸುವವರು

'ದುಮ್ಮವಾಡ' ಎಂದು ಒಮ್ಮೆ ನಿಧಾನವಾಗಿ ಅಂದು ನೋಡಿ. 'ದು' ಅನ್ನಲು ನಾಲಿಗೆಯ ತುದಿ ಹಲ್ಲಿಗೆ ತಾಗಬೇಕು, 'ಡ' ಅನ್ನಲು ಮೇಲಕ್ಕೆ ಮಡಚಬೇಕು. ನಡುವಿನದಷ್ಟೇ ತುಟಿಯ ಕೆಲಸ. ಕ್ಯಾನ್ಸರ್ ಆಗಿ ನಾಲಿಗೆಯ ಮುಂಭಾಗ ತೆಗೆಸಿಕೊಂಡು ಕಲಘಟಗಿ ತಾಲೂಕಿನ ಈ ಊರಿಗೆ ಮರಳುವವರ ಬಾಯಲ್ಲಿ ಅಪ್ಪ, ಅವ್ವ ಸಲೀಸಾಗಿ ಬರುತ್ತವೆ. ಬಸ್ಸಿನಲ್ಲಿ ಊರ ಹೆಸರು ಹೇಳಿ ಟಿಕೆಟ್ ಕೇಳುವುದೇ ಕಷ್ಟ.

ಈ ಕಷ್ಟ ಕಳೆಯುವುದೇ ಕಸುಬಾದವರು ಸ್ಪೀಚ್ ಥೆರಪಿಸ್ಟರು. 1965ರಲ್ಲಿ ಮೈಸೂರಿನಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಜನರ ಬಾಯಲ್ಲಿ 'ಆಯಿಷ್', ಇಂಥವರನ್ನು ತಯಾರು ಮಾಡುವ ದೇಶದ ದೊಡ್ಡ ಶಾಲೆ. ಮಕ್ಕಳ ತೊದಲು, ಕಿವುಡುತನಕ್ಕಷ್ಟೇ ಈ ವಿದ್ಯೆ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ನುಂಗುವುದನ್ನು ಮತ್ತೆ ಕಲಿಸುವವರೂ ಇವರೇ.

ಈ ಸೀಮೆಯ ರೋಗಿಗಳು ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ಜನ ಈಗಲೂ ಕಿಮ್ಸ್ ಎನ್ನುವ ಸರ್ಕಾರಿ ಆಸ್ಪತ್ರೆಗೆ, ಇಲ್ಲವೇ ಬೆಂಗಳೂರಿನ ಕಿದ್ವಾಯಿಗೆ ಹೋಗುತ್ತಾರೆ. ಗಡ್ಡೆಯ ಜೊತೆ ಕುತ್ತಿಗೆಯ ಗಂಟುಗಳನ್ನೂ ತೆಗೆಯುತ್ತಾರೆ. ಹೆಚ್ಚು ನಾಲಿಗೆ ಹೋಗಿದ್ದರೆ ಮುಂಗೈಯಿಂದಲೋ ತೊಡೆಯಿಂದಲೋ ಚರ್ಮ, ಮಾಂಸ ತಂದು ಕೂಡಿಸುತ್ತಾರೆ. ಈ ಹೊಸ ಭಾಗಕ್ಕೆ ರುಚಿಯೂ ಗೊತ್ತಿಲ್ಲ, ಚಲನೆಯೂ ಇಲ್ಲ. ಉಳಿದ ನಾಲಿಗೆಯೇ ಇದನ್ನೂ ಎಳೆದುಕೊಂಡು ದುಡಿಯಬೇಕು. ಬೇಕಿದ್ದವರಿಗೆ ಮುಂದೆ ಸುಮಾರು ಆರು ವಾರ ಕರೆಂಟ್, ಅಂದರೆ ರೇಡಿಯೇಷನ್. ಅದರಿಂದ ಬಾಯಿ ಹುಣ್ಣು, ಜೊಲ್ಲು ಒಣಗುವುದು, ದವಡೆ ಬಿಗಿಯುವುದು.

ದವಡೆಯ ಬಿಗಿತ ಬಿಡಿಸಲು ಬಳಕೆಗೆ ಬರುವ ಒಂದು ಸಾಧನ ಐಸ್‌ಕ್ರೀಮ್ ಕಡ್ಡಿ. ಮೇಲಿನ, ಕೆಳಗಿನ ಹಲ್ಲುಗಳ ನಡುವೆ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಿಡಿಯುವುದು, ರೂಢಿಯಾದಂತೆ ಇನ್ನೊಂದು ತೂರಿಸುವುದು. ಸ್ವಂತದ ಮೂರು ಬೆರಳು ಒಂದರ ಮೇಲೊಂದಾಗಿ ಹಲ್ಲುಗಳ ನಡುವೆ ಹೋಗುವಷ್ಟು ಬಾಯಿ ತೆರೆದರೆ ಚಿಂತೆಯಿಲ್ಲ. ಖರ್ಚಿಲ್ಲದ, ಬೇಸರದ ಕೆಲಸ. ನಾಲ್ಕು ದಿನ ಬಿಟ್ಟರೆ ಬಾಯಿ ಮತ್ತೆ ಬಿಗಿಯುತ್ತದೆ. ಆಹಾರ ಕೊಡಲು ಮೂಗಿನಲ್ಲಿ ಹಾಕಿದ ನಳಿಗೆ ತೆಗೆದ ಮೇಲೆ ನೀರಿನಂಥ ತೆಳುವಾದದ್ದು ಶ್ವಾಸನಾಳಕ್ಕೆ ಜಾರುವ ಅಪಾಯವಿರುತ್ತದೆ. ಅದಕ್ಕೇ ಕೆಲವರಿಗೆ ಮೊದಲು ಗಟ್ಟಿ ಅಂಬಲಿ, ಮೆತ್ತಗಿನ ಕಿಚಡಿ. ತಲೆ ಯಾವ ಕಡೆ ಬಾಗಿಸಿ ನುಂಗಬೇಕೆಂಬುದು ಕೊಯ್ದ ಜಾಗದ ಮೇಲೆ ನಿಂತಿದೆ. ಪಕ್ಕದ ಮನೆಯವರ ಸಲಹೆ ಇಲ್ಲಿ ಬೇಡ. ರಂಜಕ, ಖಡಕ್ ರೊಟ್ಟಿ ತಡವಾಗಿ ಬರುತ್ತವೆ, ಕೆಲವರಿಗೆ ಬರುವುದೇ ಇಲ್ಲ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಚಿಕಿತ್ಸೆಗೆ, ತಪಾಸಣೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಟಿಕೆಟ್‌ನಲ್ಲಿ ಪೂರ್ತಿ ರಿಯಾಯಿತಿ. ಮನಸ್ಸು ಕುಸಿದರೆ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮಾತು ತೊಡರಿದರೆ ಮನೆಯವರೇ ಕರೆ ಮಾಡಲಿ. ಬಾಯಿ ಕ್ಯಾನ್ಸರಿಗೆ ದಾರಿಯಾಗುವ ಗುಟ್ಕಾ ರಾಜ್ಯದಲ್ಲಿ 2013ರಿಂದ ನಿಷೇಧ, ಆದರೂ ತಂಬಾಕು ಬೇರೆ ಚೀಟಿಯಲ್ಲಿ ಸಿಗುತ್ತದೆ. ಬಿಡಲು ನೆರವು 1800-112-356.

ಮನೆಯವರಿಗೆ ಕೆಲವು ಮಾತು. ರೋಗಿಯ ಮಾತನ್ನು ನೀವೇ ಮುಗಿಸಬೇಡಿ, ಕಾಯಿರಿ. ಕರೆಂಟ್ ಕೊಟ್ಟ ಬಾಯಲ್ಲಿ ಹಲ್ಲು ಕೀಳಿಸುವ ಮೊದಲು ಕ್ಯಾನ್ಸರ್ ಡಾಕ್ಟರನ್ನು ಕೇಳಿ, ಇಲ್ಲದಿದ್ದರೆ ದವಡೆ ಮೂಳೆ ಕೊಳೆಯಬಹುದು. ರೋಗ ಮರಳುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ, ಹಾಗಾಗಿ ತಪಾಸಣೆಯ ದಿನ ತಪ್ಪಿಸಬೇಡಿ. ಡಿಸ್ಚಾರ್ಜ್ ಚೀಟಿ ಕೈಗೆ ಬಂದ ದಿನವೇ, ಸ್ಪೀಚ್ ಥೆರಪಿ ಯಾವ ವಾರದಿಂದ, ಯಾರ ಹತ್ತಿರ ಎಂದು ಕೇಳಿ ಬರೆಸಿಕೊಂಡೇ ಬಸ್ ಹತ್ತಿ.